ಬೀಡಿ ಬಿಡಿಸುವ ಗುಳಿಗೆ

ಮೂಡಲಗಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಉಸಿರಾಟದ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಶ್ವಾಸಕೋಶದ ಚಿತ್ರ ಬರೆದು, ಸೇದುವವರ ಎದೆಯಲ್ಲಿ ಏನು ಕೂಡುತ್ತದೆ ಎಂದು ವಿವರಿಸಿ, ಗಂಟೆ ಹೊಡೆದ ಮೇಲೆ ಬಸ್ ನಿಲ್ದಾಣದ ಹಿಂದಿನ ಚಹಾದಂಗಡಿಗೆ ಹೋಗಿ ಸಿಗರೇಟು ಹಚ್ಚುತ್ತಿದ್ದೆ. ಮಕ್ಕಳಿಗೆ ಅದು ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಯಾರೂ ಆ ಮಾತು ತೆಗೆಯುತ್ತಿರಲಿಲ್ಲ.

ಒಂದು ಮಳೆಗಾಲ ಕೆಮ್ಮು ಹತ್ತಿತು, ಹೋಗಲಿಲ್ಲ. ಪಾಠ ಮಾಡುತ್ತ ಮಾಡುತ್ತ ಮೇಜು ಹಿಡಿದು ನಿಲ್ಲಬೇಕಾಗುತ್ತಿತ್ತು. ಹೆಂಡತಿ ಒಂದು ಭಾನುವಾರ ನನ್ನನ್ನು ಗೋಕಾಕಕ್ಕೆ, ಎದೆ ರೋಗದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಸದ್ಯಕ್ಕೆ ಹೆದರುವಂಥದ್ದೇನಿಲ್ಲ, ಆದರೆ ಸೇದುವುದು ನಿಲ್ಲಬೇಕು ಎಂದರು. ಎಷ್ಟೋ ಸಲ ಬಿಟ್ಟು ಹಿಡಿದಿದ್ದೇನೆ ಎಂದೆ. ಆಗ ಅವರು ಹೊಸ ಗುಳಿಗೆಯ ವಿಷಯ ತೆಗೆದರು. ಸೇದಬೇಕೆಂಬ ಚಟವನ್ನೇ ಕಡಿಮೆ ಮಾಡುವ ಗುಳಿಗೆ. ಇನ್ನೂ ಅಂಗಡಿಗೆ ಬಂದಿಲ್ಲ. ಬೇರೆ ಬೇರೆ ಊರುಗಳಲ್ಲಿ ಜನರಿಗೆ ಕೊಟ್ಟು ನೋಡುತ್ತಿದ್ದಾರೆ, ನಮ್ಮ ಆಸ್ಪತ್ರೆಯಲ್ಲೂ ಶುರುವಾಗಲಿದೆ. ನೀವು ಬರುತ್ತೀರಾದರೆ ಬನ್ನಿ, ಬಿಡಬೇಕೆಂಬ ಮನಸ್ಸಿದ್ದವರು ಯಾರಾದರೂ ಇದ್ದರೆ ಅವರನ್ನೂ ಕರೆತನ್ನಿ ಎಂದರು.

ನನಗೆ ತಟ್ಟನೆ ನೆನಪಾದವನು ಅಣ್ಣ.

ನಮ್ಮದು ಹುಕ್ಕೇರಿ ತಾಲ್ಲೂಕಿನ ದಡ್ಡಿ. ಕುರಿ ಸಾಕುವ ಮನೆತನ. ಓದಿ ಮಾಸ್ತರನಾಗಿ ಹೊರಬಿದ್ದವನು ನಾನೊಬ್ಬನೇ. ಅಣ್ಣ ಕುರಿ ಮತ್ತು ಹೊಳೆಯ ಕಡೆಯ ಕಬ್ಬು ನೋಡಿಕೊಂಡು ಅಲ್ಲೇ ಉಳಿದ. ಬಾಯಲ್ಲಿ ಬೀಡಿ ಇಲ್ಲದ ಅವನ ಮುಖ ನನಗೆ ನೆನಪಿರಲಿಲ್ಲ. ಕುರಿಗಳನ್ನು ಕೂಗುವಾಗಲೂ ಬೀಡಿ ತುಟಿಯ ಮೂಲೆಗೆ ಸರಿಯುತ್ತಿತ್ತೇ ಹೊರತು ಕೈಗೆ ಬರುತ್ತಿರಲಿಲ್ಲ. ಅವನ ಅಂಗಿ, ಕಂಬಳಿ, ಹಾಸಿಗೆಯ ಚಾದರ ಎಲ್ಲದರಲ್ಲೂ ಕಿಡಿ ಬಿದ್ದು ಸುಟ್ಟ ತೂತುಗಳಿದ್ದವು.

ಅವನಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಉಬ್ಬಸ. ಆಗ ಇದ್ದದ್ದು ಒಂದೇ ಅಂಕಣದ ಮನೆ. ಮಳೆಗಾಲದಲ್ಲಿ ಬಾಗಿಲು ಹಾಕಿದರೆ ಹೊಗೆ ಒಳಗೇ ಸುತ್ತುತ್ತಿತ್ತು. ತೋರಿಸಿದ ಡಾಕ್ಟರರೆಲ್ಲ ಒಂದೇ ಮಾತು ಹೇಳಿದರು, ಮನೆಯಲ್ಲಿ ಸೇದಬೇಡ ಎಂದು. ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತು ಸೇದಿದ, ಒಂದಿಷ್ಟು ದಿನ ಬಿಟ್ಟೂ ನೋಡಿದ, ಮತ್ತೆ ಒಳಗೆ ಬಂದ. ಕೊನೆಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಹುಡುಗಿಯನ್ನು ತನ್ನ ತವರುಮನೆ ಮೇಲವಂಕಿಗೆ ಕಳಿಸಿಬಿಟ್ಟಳು. ಹುಡುಗಿ ಅಲ್ಲೇ ಅಜ್ಜಿಯ ಹತ್ತಿರ ಬೆಳೆದಳು, ಅಲ್ಲೇ ಶಾಲೆ ಕಲಿತಳು, ಅದೇ ಊರಿಗೆ ಮದುವೆಯಾದಳು. ದಡ್ಡಿಗೆ ಬಂದರೆ ಹಬ್ಬ ಮುಗಿಸಿಕೊಂಡು ಹೊರಡುತ್ತಿದ್ದಳು. ಅಣ್ಣ ಇದರ ಬಗ್ಗೆ ಒಮ್ಮೆಯೂ ಮಾತಾಡಿದವನಲ್ಲ.

ಗುಳಿಗೆಯ ವಿಷಯ ಹೇಳಿದಾಗ ಅವನು ನಕ್ಕುಬಿಡುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

"ಖರೇ ಹೇಳಾಕತ್ತೀಯೇನ? ಅಂಥಾ ಗುಳಿಗಿ ಬಂದೈತಿ?"

"ಬಂದೈತಿ ಅಂತಲ್ಲ ಅಣ್ಣಾ, ನೋಡಾಕತ್ತಾರ."

"ನೋಡ್ಲಿ. ನನ್ನ ಮ್ಯಾಲ ನೋಡ್ಲಿ."

ಗೋಕಾಕದ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಮ್ಮಂಥವರನ್ನೆಲ್ಲ ಕೂರಿಸಿದ್ದರು. ಆ ಕೆಲಸ ನೋಡಿಕೊಳ್ಳಲು ಬೆಳಗಾವಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು, ಮೆಲುದನಿಯವಳು. ಎಲ್ಲವನ್ನೂ ಬಿಡಿಸಿ ಹೇಳಿದಳು. ಅರ್ಧ ಜನಕ್ಕೆ ಔಷಧಿ ಇರುವ ಗುಳಿಗೆ ಕೊಡುತ್ತೇವೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಆದರೆ ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಹೀಗೆ ಮಾಡಿದರೆ ಮಾತ್ರ ಔಷಧಿಯ ಗುಣ ಎಷ್ಟು ಎಂದು ತಿಳಿಯುತ್ತದೆ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು.

ಅಣ್ಣ ರುಮಾಲು ಸರಿ ಮಾಡಿಕೊಂಡು ಎದ್ದು ನಿಂತ.

"ತಂಗೀ, ನನಗ ಔಷಧಿ ಇದ್ದದ್ದಽ ಕೊಡ್ರಿ. ನಾ ಭಾಳ ಸೇದ್ತೇನಿ."

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. "ನೋಡೂಣ್ರಿ ಕಾಕಾ" ಅಂದಳು. ಅದು ಸುಮ್ಮನೆ ಆಡಿದ ಮಾತು. ಅಣ್ಣ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡು ಕೂತ. ಕೆಳಗಿಳಿದು ಬರುವಾಗ ನನಗೆ ಹೇಳಿದ: "ಹೇಳಿದ್ದು ಚಲೋ ಆತು. ಭಾಳ ಸೇದೋರ್ನ ನೋಡಿಯೂ ಸುಳ್ಳ ಗುಳಿಗಿ ಯಾರರ ಕೊಡ್ತಾರೇನ?"

ಕಂಪ್ಯೂಟರು ಆರಿಸುತ್ತದೆ, ಮುಖ ನೋಡಿ ಕೊಡುವುದಿಲ್ಲ ಎಂದು ನಾನು ಹೇಳಿದೆ. ಅವನು ಕೈ ಬೀಸಿದ. ನೀನು ಸಾಲಿಯ ಪುಸ್ತಕ ಓದಿದವನು, ನಿನಗೆ ಮನುಷ್ಯರು ಗೊತ್ತಿಲ್ಲ ಎಂಬಂತೆ.

ಗುಳಿಗೆ ಮೂರು ತಿಂಗಳು ನುಂಗಬೇಕಿತ್ತು. ಆಮೇಲೂ ಆಗಾಗ ಹೋಗಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಯಂತ್ರದೊಳಗೆ ಊದಬೇಕು. ಸೇದಿದ್ದರೆ ಅದು ತೋರಿಸುತ್ತದೆ. ಅದರ ಮುಂದೆ ಸುಳ್ಳು ನಡೆಯುವುದಿಲ್ಲ.

ನನಗೆ ಗುಳಿಗೆಯಿಂದ ಏನೂ ಅನ್ನಿಸಲಿಲ್ಲ. ಹೊಟ್ಟೆ ತೊಳಸಬಹುದು, ಕೆಟ್ಟ ಕನಸು ಬೀಳಬಹುದು ಎಂದು ಹೇಳಿದ್ದರು. ಅದ್ಯಾವುದೂ ಇಲ್ಲ. ಊಟವಾದ ಮೇಲೆ ಸಿಗರೇಟು ಮೊದಲಿನ ಹಾಗೇ ಕರೆಯುತ್ತಿತ್ತು, ನಾನು ಮೊದಲಿನ ಹಾಗೇ ಹೋಗುತ್ತಿದ್ದೆ. ಕೆಲವೇ ವಾರಗಳಲ್ಲಿ ನನಗೆ ಖಾತ್ರಿಯಾಯಿತು, ನನಗೆ ಬಿದ್ದದ್ದು ಖಾಲಿ ಗುಳಿಗೆ. ಹೆಂಡತಿಗೆ ಹಾಗೇ ಹೇಳಿದೆ. ಶಾಲೆಯಲ್ಲಿ ಜೊತೆಯ ಮಾಸ್ತರರಿಗೂ ಹೇಳಿದೆ. ಹೇಳುವಾಗ ಮನಸ್ಸು ಹಗುರವಾಗುತ್ತಿತ್ತು ಎಂಬುದು ಸುಳ್ಳಲ್ಲ.

ಅಣ್ಣನದು ಬೇರೆಯೇ ಕಥೆ. ಮೊದಲ ವಾರವೇ ತಲೆನೋವು, ಕೈ ನಡುಕ, ಬಾಯಿ ಒಣಗುವುದು, ಮೈಯೆಲ್ಲ ಬೆವರು. ವೈನಿ ಗಾಬರಿಯಾಗಿ ನನಗೆ ಫೋನು ಮಾಡಿಸಿದಳು. ಫೋನು ಕಸಿದುಕೊಂಡು ಅಣ್ಣ ಉಬ್ಬಿದ ದನಿಯಲ್ಲಿ ಹೇಳಿದ:

"ಹೆದರಬ್ಯಾಡ್ರಿ. ಔಷಧಿ ಮೈಯಾಗ ಹೊಕ್ಕೈತಿ. ಬೀಡಿದು ವಿಷ ಹೊರಗ ಹಾಕಾಕತ್ತೈತಿ."

ಅದು ಬೀಡಿ ಬಿಟ್ಟವರಿಗೆಲ್ಲ ಆಗುವ ತ್ರಾಸು. ನನಗೆ ಗೊತ್ತಿತ್ತು. ಆದರೆ ಅವನ ಗುಳಿಗೆಯಲ್ಲಿ ಏನಿದೆ ಎಂಬುದು ನನಗೂ ಗೊತ್ತಿರಲಿಲ್ಲವಲ್ಲ.

ಅವನು ಬಿಟ್ಟ. ಒಂದೂ ಬೀಡಿ ಮುಟ್ಟಲಿಲ್ಲ. ಮುಂದಿನ ಸಲ ಗೋಕಾಕದಲ್ಲಿ ಯಂತ್ರಕ್ಕೆ ಊದಿದಾಗ ಡಾಕ್ಟರು ಅವನ ಬೆನ್ನು ಚಪ್ಪರಿಸಿ "ಭೇಷ್" ಎಂದರು. ಹೋದಾಗಲೆಲ್ಲ ಅವನು ಪೇಟೆಗೆ ಹೋಗಿ ಕರದಂಟು ಕಟ್ಟಿಸಿಕೊಂಡು, ಬಸ್ಸಿನಲ್ಲಿ ಕೂತು ಮಕ್ಕಳ ಹಾಗೆ ತಿನ್ನುತ್ತಿದ್ದ. ಮೈ ತುಂಬಿಕೊಂಡಿತು. ಒಮ್ಮೆ ನಾನು ದಡ್ಡಿಗೆ ಹೋದಾಗ ಹಟ್ಟಿಯ ಮುಂದೆ ಮೂಗು ಮುಚ್ಚಿಕೊಂಡು ನಿಂತಿದ್ದ.

"ತಮ್ಮಾ, ಕುರಿ ಇಷ್ಟ ನಾರ್ತಾವಂತ ನನಗ ಗೊತ್ತಽ ಇದ್ದಿದ್ದಿಲ್ಲ ನೋಡ."

ವೈನಿ ಬಾಗಿಲಲ್ಲಿ ನಿಂತು ನಕ್ಕಳು. ಆಕೆ ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಊರಲ್ಲಿ ಅವನಿಗೊಂದು ಹೊಸ ಮರ್ಯಾದೆ ಬಂತು. ಕಟ್ಟೆಯ ಮೇಲೆ ಕೂತವರ ಬಾಯಿಂದ ಬೀಡಿ ಕಿತ್ತು ಎಸೆಯುವಷ್ಟು ಸಲಿಗೆ ತೆಗೆದುಕೊಂಡ. ಗೋಕಾಕಕ್ಕೆ ನಮ್ಮನ್ನೂ ಕರೆದುಕೊಂಡು ಹೋಗು ಎಂದು ಕೆಲವರು ಕೇಳಿದರು. ಆದರೆ ಆಸ್ಪತ್ರೆಯವರು ಹೊಸ ಜನರನ್ನು ಸೇರಿಸಿಕೊಳ್ಳುವುದು ಮುಗಿದಿತ್ತು. ಅಂಗಡಿಗೆ ಬರುತ್ತದೆ ತಡೆಯಿರಿ ಎಂದು ಅವನೇ ಭರವಸೆ ಕೊಟ್ಟ, ಗುಳಿಗೆ ತಾನೇ ಮಾಡಿದ್ದೇನೋ ಎಂಬಂತೆ.

ಅದೇ ವರ್ಷ ಮೇಲವಂಕಿಯಲ್ಲಿ ವೈನಿಯ ತವರಿನ ಕಡೆ ಒಂದು ನಿಶ್ಚಯ ಕಾರ್ಯವಿತ್ತು. ಹಿರಿಯರು ಕೂತಲ್ಲಿಗೆ ಎಲೆ, ಅಡಿಕೆ, ತಂಬಾಕು, ಬೀಡಿ ಇಟ್ಟ ತಾಟು ಬಂತು. ಅಣ್ಣ ಅದನ್ನು ಹಾಗೇ ಮುಂದಕ್ಕೆ ಸರಿಸಿದ. "ನಾ ಬಿಟ್ಟೇನ್ರಿ" ಎಂದ. ಸುತ್ತ ಕೂತವರು ನಂಬದೆ ನೋಡಿದರು. ಅವನು ಗುಳಿಗೆಯ ಕಥೆ ಹೇಳಿದ, ಹೇಳಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಂವಾ ಮಾಸ್ತರ ಇನ್ನೂ ಸೇದತಾನ. ಬಯ್ಯಬ್ಯಾಡ್ರಿ, ಪಾಪ, ಇಂವಗ ಖಾಲೀದು ಬಿದ್ದೈತಿ" ಎಂದ. ನಾನು ತಲೆಯಾಡಿಸಿದೆ.

ಮಗಳು ಒಳಗಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಜನ ಊಟಕ್ಕೆ ಎದ್ದ ಮೇಲೆ ಅಪ್ಪನ ಹತ್ತಿರ ಬಂದು ಕೂತಳು. ನಾನು ಪಕ್ಕದಲ್ಲೇ ಇದ್ದೆ.

"ಖರೇನಽ ಬಿಟ್ಟೀಯೇನಪಾ?"

"ಬಿಟ್ಟೇನಿ ಯವ್ವಾ. ನೋಡಽ, ಬಾಯಿ ವಾಸನಿ ನೋಡ." ಅವನು ಬಾಯಿ ತೆರೆದು ಆಕೆಯ ಮುಖದ ಕಡೆ ಊದಿದ. ಆಮೇಲೆ ನೆಲ ನೋಡುತ್ತ ಹೇಳಿದ: "ಈ ಗುಳಿಗಿ ಅವಾಗ ಇದ್ದಿದ್ದಿಲ್ಲ. ಇದ್ದಿದ್ರ ನಿನ್ನ ಇಲ್ಲಿ ತಂದು ಬಿಡ್ತಿದ್ನೇನ ನಾ?"

ಮಗಳು ಅಪ್ಪನ ಅಂಗಿಯ ಸುಟ್ಟ ತೂತಿನ ಮೇಲೆ ಬೆರಳಾಡಿಸಿದಳು. "ಇರ್ಲಿ ಬಿಡಪಾ. ಗುಳಿಗಿ ಬರೂದು ತಡಾ ಆತು ಅಷ್ಟ" ಅಂದಳು. ಆ ದೀಪಾವಳಿಗೆ ಆಕೆ ಗಂಡನನ್ನು ಕರೆದುಕೊಂಡು ದಡ್ಡಿಗೆ ಬಂದು ವಾರವಿಡೀ ಇದ್ದಳು. ತಂದೆ ಮಗಳು ಒಂದೇ ತಾಟಿನಲ್ಲಿ ಉಂಡರು ಎಂದು ವೈನಿ ಫೋನಿನಲ್ಲಿ ಎರಡೆರಡು ಸಲ ಹೇಳಿದಳು.

ಗುಳಿಗೆಯ ಪರೀಕ್ಷೆಯೆಲ್ಲ ಮುಗಿದ ಮೇಲೆ, ಮುಂದಿನ ಬೇಸಿಗೆಯಲ್ಲಿ, ಆಸ್ಪತ್ರೆಯಿಂದ ಕರೆ ಬಂತು. ಯಾರಿಗೆ ಯಾವ ಗುಳಿಗೆ ಸಿಕ್ಕಿತ್ತು ಎಂದು ಈಗ ಹೇಳಬಹುದಂತೆ, ಬಯಸಿದವರು ಬಂದು ಕೇಳಬಹುದಂತೆ. ಅಣ್ಣ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದ. ಅದೇ ಮಹಡಿ. ಒಂದಿಷ್ಟು ಜನ ಬಂದಿದ್ದರು. ಚಹಾ, ಬಿಸ್ಕತ್ತು ಇಟ್ಟಿದ್ದರು.

ಬೆಳಗಾವಿಯ ಹೆಣ್ಣುಮಗಳು ಮೊದಲು ನನ್ನ ಕಡೆ ತಿರುಗಿದಳು.

"ಸರ್, ನಿಮಗ ಔಷಧಿ ಇದ್ದ ಗುಳಿಗಿ ಬಂದಿತ್ರಿ."

ಏನೋ ತಪ್ಪು ಕೇಳಿಸಿತು ಅಂದುಕೊಂಡೆ. ಆಕೆ ಅಷ್ಟರಲ್ಲೇ ಅಣ್ಣನ ಕಡೆ ತಿರುಗಿದ್ದಳು, ಮುಖ ಅರಳಿತ್ತು.

"ಕಾಕಾ, ನಿಮ್ದು ಔಷಧಿ ಇಲ್ಲದ್ದು! ನೋಡ್ರಿ, ಯಾವ ಔಷಧಿ ಇಲ್ದ ನಿಮ್ಮ ಮನಸಿನ ಜೋರ ಮ್ಯಾಲ ಬಿಟ್ಟೀರಿ ನೀವು. ಎಷ್ಟ ದೊಡ್ಡ ಮಾತ ಇದು!"

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಅಣ್ಣ ಚಹಾದ ಕಪ್ಪು ಕೆಳಗಿಟ್ಟ.

"ಏನ ಇತ್ತರಿ ಹಂಗಾರ ಅದರಾಗ?"

"ಹಿಟ್ಟಿನಂಥಾದ್ದ ಇರ್ತೈತ್ರಿ. ಮೈಗಿ ಏನೂ ಮಾಡಂಗಿಲ್ಲ."

"ನಾ ನಿಮಗ ಹೇಳಿದ್ನೆಲ್ಲ, ಔಷಧಿ ಇದ್ದದ್ದ ಕೊಡ್ರಿ ಅಂತ."

ಆಕೆಯ ನಗು ಸ್ವಲ್ಪ ಅಲುಗಿತು. "ಅದು ನಮ್ಮ ಕೈಯಾಗ ಇರಂಗಿಲ್ರಿ ಕಾಕಾ. ಮೊದ್ಲಽ ಹೇಳಿದ್ವೆಲ್ರಿ. ನಮಗೂ ಗೊತ್ತಿರಂಗಿಲ್ಲ, ಡಾಕ್ಟರಿಗೂ ಗೊತ್ತಿರಂಗಿಲ್ಲ."

"ಹಂಗಾರ ಅವರು ನನ್ನ ಕರದು ಕರದು ಏನ ನೋಡ್ತಿದ್ರು?"

"ನೀವು ಬಿಟ್ಟೀರೋ ಇಲ್ಲೋ ನೋಡ್ತಿದ್ರರಿ."

ಅಣ್ಣ ತಲೆಯಾಡಿಸಿದ. ಆಕೆಗೆ ಕೈ ಮುಗಿದ. ಆ ಕೈ ಮುಗಿದ ರೀತಿ ನನಗೆ ಸರಿಬರಲಿಲ್ಲ.

ಬಸ್ ನಿಲ್ದಾಣದವರೆಗೆ ನಡೆದುಕೊಂಡು ಬಂದೆವು. ಬಿಸಿಲು ಸುಡುತ್ತಿತ್ತು. ನನ್ನ ತಲೆಯೊಳಗೆ ನನ್ನದೇ ಗದ್ದಲ. ಔಷಧಿ ತಿಂದೂ ಬಿಡಲಾಗದವನು ನಾನು. ಹೆಂಡತಿಗೆ ಏನು ಹೇಳಲಿ, ಶಾಲೆಯಲ್ಲಿ ಏನು ಹೇಳಲಿ. ಹುಕ್ಕೇರಿ ಬಸ್ಸು ನಿಲ್ಲುವ ಜಾಗದಲ್ಲಿ ಅಣ್ಣ ಕಟ್ಟೆಯ ಮೇಲೆ ಕೂತ.

"ಮಂಗ್ಯಾ ಆದ್ನಿ ತಮ್ಮಾ."

"ಹಂಗ್ಯಾಕ ಅಂತಿ ಅಣ್ಣಾ? ಗುಳಿಗಿ ಇಲ್ದ ಬಿಟ್ಟಿ ಅಂದ್ರ ಅದು ನಿಂದಽ ಗೆಲುವು. ಆ ಹೆಣ್ಮಗಳು ಹೇಳಿದ್ದು ಖರೇ ಐತಿ."

ಅವನು ನನ್ನನ್ನು ದಿಟ್ಟಿಸಿ ನೋಡಿದ. ನಲವತ್ತು ದಾಟಿದ ತಮ್ಮನಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಮರುಗುವವರ ನೋಟ ಅದು.

"ನಾನಽ ಬಿಡಬಹುದಿತ್ತು ಅಂದ್ರ ಅವಾಗ್ಯಾಕ ಬಿಡಲಿಲ್ಲ? ಕೂಸು ಉಸರಾಡಾಕ ಆಗ್ದ ಕಣ್ಣ ಮ್ಯಾಲ ಮಾಡ್ತಿತ್ತು. ಮಗಳನ್ನ ಬಿಟ್ನಿ, ಬೀಡಿ ಬಿಡಲಿಲ್ಲ. ನನ್ನ ಕೈಲಿ ಆಗೂದಿಲ್ಲ ಅಂತ ತಿಳಕೊಂಡಿದ್ನಿ. ಗುಳಿಗಿ ಇಲ್ದ ಆಗೂದಲ್ಲ ಅಂತ ಅಕಿಗೂ ಹೇಳಿದ್ನಿ. ಈಗ ನೋಡಿದ್ರ ಹಿಟ್ಟ ತಿಂದು ಬಿಟ್ಟೇನಿ."

ನಾನು ಬಸ್ಸು ಬರುವ ಕಡೆ ನೋಡಿದೆ.

ಅಣ್ಣ ಎದ್ದು ಎದುರಿನ ಅಂಗಡಿಗೆ ಹೋದ. ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ತಂದ. ಬೇಡ ಅಣ್ಣಾ ಎಂದೆ. ನನ್ನ ಜೇಬಿನಲ್ಲಿ ಸಿಗರೇಟಿನ ಪಾಕೀಟಿತ್ತು, ಆ ಮಾತಿಗೆ ತೂಕವೆಲ್ಲಿಂದ ಬರಬೇಕು? ಅವನು ಹಚ್ಚಿ, ಮೊದಲ ದಮ್ಮಿಗೇ ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಇನ್ನೊಂದು ಕಡ್ಡಿ ಗೀರಿ ನನ್ನ ಕಡೆ ಚಾಚಿದ. ನಾನೂ ಹಚ್ಚಿದೆ. ಬಸ್ಸು ಬರುವವರೆಗೆ ಇಬ್ಬರೂ ಸೇದುತ್ತ ಕೂತೆವು.

ಹತ್ತುವಾಗ ಒಂದೇ ಮಾತು ಹೇಳಿದ: "ಮಗಳಿಗಿ ಹೇಳಬ್ಯಾಡ."

ಕೆಲವು ವಾರಗಳ ಮೇಲೆ ವೈನಿ ಒಬ್ಬಳೇ ಮೂಡಲಗಿಗೆ ಬಂದಳು. ಒಬ್ಬಳೇ ಅಷ್ಟು ದೂರ ಬಂದವಳಲ್ಲ. ನೀರು ಕುಡಿದು, "ಮಾಸ್ತರ, ನನ್ನ ಆ ದವಾಖಾನಿಗಿ ಕರಕೊಂಡ ಹೋಗ್ರಿ" ಎಂದಳು. ಏಕೆಂದು ದಾರಿಯಲ್ಲೂ ಹೇಳಲಿಲ್ಲ. ಡಾಕ್ಟರ ಎದುರು ಕೂತ ಮೇಲೆ ಹೇಳಿದಳು:

"ಸಾಹೇಬ್ರ, ನಮ್ಮ ಮನ್ಯಾರಿಗಿ ಆ ಗುಳಿಗಿ ಮತ್ತ ಕೊಡ್ರಿ."

ಡಾಕ್ಟರು ಒಳ್ಳೆಯವರು. ಸಮಾಧಾನದಿಂದಲೇ ಹೇಳಿದರು: "ಅದರಾಗ ಔಷಧಿ ಇರಲಿಲ್ಲವಾ. ಬ್ಯಾರೆ ಔಷಧಿ ಅದಾವು, ಅಗಿಯೂ ಗುಳಿಗಿ ಐತಿ, ಮೈಗೆ ಹಚ್ಚೂ ಪಟ್ಟಿ ಐತಿ. ಅವರನ್ನ ಕರಕೊಂಡ ಬಾ, ಬರೆದು ಕೊಡ್ತೇನಿ."

"ಅವ್ರು ಬರಂಗಿಲ್ರಿ. ಬ್ಯಾರೆ ಔಷಧಿ ಬ್ಯಾಡ. ಅದಽ ಖಾಲೀದು ಕೊಡ್ರಿ. ಬಣ್ಣ ಬ್ಯಾರೆ ಇರ್ಲಿ. ಹೊಸಾದು ಬಂದೈತಿ, ಇದರಾಗ ಔಷಧಿ ಐತಿ ಅಂತ ನಾ ಹೇಳ್ತೇನಿ."

"ಸುಳ್ಳ ಹೇಳಿ ಔಷಧಿ ಕೊಡಾಕ ಬರಂಗಿಲ್ಲ ತಾಯಿ."

"ಆಗ ಕೊಟ್ರೆಲ್ರಿ?"

"ಆಗ ಸುಳ್ಳ ಹೇಳಿದ್ದಿಲ್ಲ. ಅದು ಯಾವುದಂತ ನಮಗಽ ಗೊತ್ತಿದ್ದಿಲ್ಲ."

ವೈನಿ ಡಾಕ್ಟರ ಮುಖವನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು, ಇಬ್ಬರಲ್ಲಿ ಯಾರಾದರೂ ಇದನ್ನು ತನಗೆ ತಿಳಿಯುವ ಹಾಗೆ ಹೇಳಬಹುದೇನೋ ಎಂದು. ಡಾಕ್ಟರು ಹೇಳಿದ್ದು ಸರಿಯೇ ಇತ್ತು. ಮಕ್ಕಳಿಗೆ ನಾನು ಪಾಠ ಹೇಳುವುದಾದರೂ ಹಾಗೇ ಹೇಳುತ್ತೇನೆ. ಆಕೆ ಸೆರಗು ಎಳೆದುಕೊಂಡು ಎದ್ದಳು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, "ಅವತ್ತ ಯಾಕ ಕರದು ಹೇಳಬೇಕಾಗಿತ್ತರಿ ಇವ್ರು? ಯಾರ ಕೇಳಿದ್ರು?" ಎಂದಳು. ಹೋಗಿ ಕೇಳಿದವರು ನಾವೇ. ಅದನ್ನು ನಾನು ಆಕೆಗೆ ಹೇಳಲಿಲ್ಲ.

ನನ್ನ ಮನೆಯಲ್ಲಿ ನನ್ನ ಹೆಂಡತಿ ಜಗಳವಾಡಲಿಲ್ಲ. "ಹಂಗಾರ ನಿಮಗ ಕೊಟ್ಟಿದ್ದು ಔಷಧಿನಽ ಆಗಿತ್ತು" ಎಂದಳು, ಅಷ್ಟೇ. ಅಂದಿನಿಂದ ಆಕೆ ನನ್ನ ಸಿಗರೇಟಿನ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಬಯ್ಯುತ್ತಿದ್ದಾಗಲೇ ಚೆನ್ನಾಗಿತ್ತು.

ಈ ವರ್ಷ ಮಳೆ ಹಿಡಿದ ಹೊತ್ತಿಗೆ ಅಣ್ಣನ ಉಸಿರು ಕೆಟ್ಟಿತು. ಹಟ್ಟಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾನೆ. ಕುರಿಗಳ ಹಿಂದೆ ಈಗ ಕೂಲಿಯವನು ಹೋಗುತ್ತಾನೆ. ಗೋಕಾಕಕ್ಕೆ ಬರುವುದಿಲ್ಲವೆಂದು ಹಟ ಹಿಡಿದದ್ದಕ್ಕೆ ಹುಕ್ಕೇರಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಸುದ್ದಿ ಕೇಳಿ ಮಗಳೂ ಮೇಲವಂಕಿಯಿಂದ ಬಂದಿದ್ದಳು. ಅಪ್ಪ ಮತ್ತೆ ಬೀಡಿ ಹಿಡಿದದ್ದು ಆಕೆಗೆ ಗೊತ್ತು. ಗುಳಿಗೆ ನಿಂತಿದ್ದಕ್ಕೆ ಹೀಗಾಯಿತು ಎಂದೇ ಆಕೆ ತಿಳಿದಿದ್ದಾಳೆ.

ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಬೀಡಿ ಎಷ್ಟು ವರ್ಷದಿಂದ ಎಂದರು. ನಡುವೆ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟಿದ್ದ ಎಂದು ನಾನು ಹೇಳಿದೆ. ಡಾಕ್ಟರು ತಲೆಯೆತ್ತಿ ನೋಡಿದರು.

"ಹೌದ? ಹೆಂಗ ಬಿಟ್ಟಿದ್ರಿ?"

ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮಗಳೇ ಮುಂದೆ ಬಂದಳು.

"ಗುಳಿಗಿ ಕೊಟ್ಟಿದ್ರರಿ ಗೋಕಾಕದಾಗ. ಅಪ್ಪಗ ಅದು ಭಾಳ ಚಲೋ ಹತ್ತಿತ್ರಿ. ಅದನ್ನಽ ಬರದ ಕೊಡ್ರಿ."

"ಯಾವ ಗುಳಿಗಿ? ಹೆಸರೇನು?"

ಆಕೆ ನನ್ನ ಕಡೆ ನೋಡಿದಳು. ವಿಜ್ಞಾನದ ಮಾಸ್ತರ, ಕಾಕಾನಿಗೆ ಗೊತ್ತಿರುತ್ತದೆ. ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ. ಗುಂಡಿಯ ಮೇಲಿದ್ದ ಅವನ ಕೈ ನಿಂತಿತ್ತು.

"ಹೆಸರ ಇಟ್ಟಿದ್ದಿಲ್ರಿ," ಎಂದೆ. "ಆಗಿನ್ನೂ ನೋಡಾಕತ್ತಿದ್ರು."

ಡಾಕ್ಟರು ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ಹೊರಗೆ ಅಣ್ಣ ವೈನಿಯ ಕೈ ಹಿಡಿದು ನಿಧಾನವಾಗಿ ರಿಕ್ಷಾದ ಕಡೆ ಹೋದ. ಮಗಳು ನನ್ನ ಪಕ್ಕದಲ್ಲಿ ನಿಂತು ದನಿ ತಗ್ಗಿಸಿ ಹೇಳಿದಳು:

"ಬೆಳಗಾಂವ್ಯಾಗ ಹುಡುಕಿ ನೋಡ ಕಾಕಾ. ಇಷ್ಟೊತ್ತಿಗಿ ಬಂದಿರ್ತೈತಿ."

ನೋಡುತ್ತೇನೆ ಎಂದೆ.